"ಡಿಬಿ ಕನೆಕ್ಟ್ ಆಗ್ತಿಲ್ಲ ಸರ್": ಪೋಸ್ಟ್‌ಗ್ರೆಸ್ ತೊಂದರೆಯನ್ನು ಚಾಟ್‌ಗೆ ತರುವ ಮುಂಚೆ

ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ (ಡಿಬಿ) ಸಾಫ್ಟ್‌ವೇರಿನ ಚಾಟ್ ಗ್ರೂಪುಗಳಲ್ಲಿ ದಿನಾ ಬರುವ ಮೆಸೇಜು ಇದು: "ಹಾಯ್ ಸರ್, ಡಿಬಿ ಕನೆಕ್ಟ್ ಆಗ್ತಿಲ್ಲ, ಯಾರಾದ್ರೂ ಹೆಲ್ಪ್ ಮಾಡಿ ಪ್ಲೀಸ್, ಅರ್ಜೆಂಟ್." ಅರ್ಧ ಗಂಟೆ ಯಾರೂ ಮಾತಾಡುವುದಿಲ್ಲ. ಆಮೇಲೆ ಅದೇ ವ್ಯಕ್ತಿ ಬರೀ "??" ಅಂತ ಹಾಕುತ್ತಾರೆ. ಗೊತ್ತಿರುವವರು ಗ್ರೂಪಿನಲ್ಲಿ ಇಲ್ಲ ಅಂತಲ್ಲ. ಮೆಜೆಸ್ಟಿಕ್‌ನಲ್ಲಿ ನಿಂತು "ಬಸ್ ಸಿಗ್ತಿಲ್ಲ" ಅಂತ ಕೂಗಿದರೆ ಯಾರು ಏನು ಹೇಳಬೇಕು? ಯಾವ ಊರಿಗೆ ಅಂತ ಹೇಳಿದರೆ ಪಕ್ಕದಲ್ಲಿ ನಿಂತವರೇ ಪ್ಲಾಟ್‌ಫಾರಂ ತೋರಿಸುತ್ತಾರೆ.

ಇಲ್ಲಿ ಬರೆದಿರುವುದು ಮುಖ್ಯವಾಗಿ ಉಬುಂಟು ಅನ್ನುವ ಲಿನಕ್ಸ್ ಮೇಲಿನ ಪೋಸ್ಟ್‌ಗ್ರೆಸ್ ಬಗ್ಗೆ. ಚಾಟ್‌ನಲ್ಲಿ ಸಹಾಯ ಮಾಡುವವರು ಒಂದಾದ ಮೇಲೊಂದು ಏನು ಕೇಳುತ್ತಾರೋ ಅದನ್ನೇ, ಅದೇ ಕ್ರಮದಲ್ಲಿ ನೀವೇ ನೋಡಿಕೊಂಡು ಬಂದರೆ ಎಷ್ಟೋ ಸಲ ಕೇಳುವ ಅಗತ್ಯವೇ ಬರುವುದಿಲ್ಲ. ಬಂದರೂ ಮೊದಲ ಮೆಸೇಜಿಗೇ ಉತ್ತರ ಸಿಗುತ್ತದೆ. ಕಮಾಂಡು, ಫೈಲುಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಲ್ಲಿ ಹೊಡೀಬೇಕು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಎರರ್ ಸಾಲನ್ನು ಕೊನೆತನಕ ಓದಿ

ಎಲ್ಲರೂ ಎರರ್‌ನ ಮೊದಲ ನಾಲ್ಕು ಪದ ಓದಿ ಗಾಬರಿಯಾಗುತ್ತಾರೆ. ಬೇಕಾದ ಮಾಹಿತಿ ಇರುವುದು ಸಾಲಿನ ಕೊನೆಯಲ್ಲಿ.

ಅದರಲ್ಲಿ 'ಫೇಟಲ್' ಅನ್ನುವ ಪದ ಇದೆಯಾ ನೋಡಿ. ಇದ್ದರೆ ಅರ್ಧ ಕೆಲಸ ಮುಗಿಯಿತು, ಏಕೆಂದರೆ ಅದು ಸರ್ವರೇ ಕೊಟ್ಟ ಉತ್ತರ. ಅಂದರೆ ಸರ್ವರ್ ಓಡುತ್ತಿದೆ, ನಿಮ್ಮ ಪ್ಯಾಕೆಟ್ ಅಲ್ಲಿವರೆಗೂ ತಲುಪಿದೆ, ಪೋರ್ಟ್ (ಸರ್ವರ್ ಕೇಳಿಸಿಕೊಳ್ಳುವ ಬಾಗಿಲಿನ ನಂಬರು) ಸರಿಯಿದೆ, ಅಲ್ಲಿಗೆ ಹೋದ ಮೇಲೆ ಬೇಡ ಅಂದಿದ್ದಾರೆ. ಇಷ್ಟಾದ ಮೇಲೂ ಫೈರ್‌ವಾಲ್ ಆಫ್ ಮಾಡುವುದು, ಪೋರ್ಟ್ ಬದಲಾಯಿಸುವುದು, ಸರ್ವರ್ ರೀಇನ್‌ಸ್ಟಾಲ್ ಮಾಡುವುದು ಎಲ್ಲಾ ಸುಮ್ನೆ ಟೈಮ್ ವೇಸ್ಟ್. ನೋಡಬೇಕಾದ್ದು ಯೂಸರ್, ಪಾಸ್‌ವರ್ಡ್, ಡೇಟಾಬೇಸ್ ಹೆಸರು, ಯಾರು ಎಲ್ಲಿಂದ ಒಳಗೆ ಬರಬಹುದು ಅಂತ ಬರೆದಿರುವ ಪಿಜಿ_ಎಚ್‌ಬಿಎ ಫೈಲು, ಹೆಚ್ಚಾಗಿ ಇಷ್ಟೇ.

ಫೇಟಲ್ ಇಲ್ಲದಿದ್ದರೆ ತೊಂದರೆ ಸರ್ವರ್ ತಲುಪುವ ಮುಂಚೆಯೇ ಇದೆ. 'ಕನೆಕ್ಷನ್ ರಿಫ್ಯೂಸ್ಡ್' ಅಂದರೆ ಆ ಮಷೀನು ಸಿಕ್ಕಿತು, ಆದರೆ ಆ ಅಡ್ರೆಸ್ಸಿನಲ್ಲಿ ಆ ಪೋರ್ಟನ್ನು ಯಾರೂ ಕೇಳಿಸಿಕೊಳ್ಳುತ್ತಿಲ್ಲ. 'ಟೈಮ್ಡ್ ಔಟ್' ಅಂದರೆ ಉತ್ತರವೇ ಬರಲಿಲ್ಲ, ಬಹುತೇಕ ಫೈರ್‌ವಾಲ್ ಅಥವಾ ಕ್ಲೌಡ್‌ನ ಸೆಕ್ಯುರಿಟಿ ಗ್ರೂಪ್ ಪ್ಯಾಕೆಟ್ಟನ್ನು ನುಂಗಿಕೊಂಡಿದೆ. ಈ ಎರಡನ್ನೂ ಒಂದೇ ಅಂದುಕೊಂಡು "ಕನೆಕ್ಟ್ ಆಗ್ತಿಲ್ಲ" ಅಂತ ಬರೆದರೆ ಉತ್ತರ ಕೊಡುವವರು ಎರಡು ಬೇರೆ ಬೇರೆ ದಾರಿ ಹೇಳಬೇಕಾಗುತ್ತದೆ. ಇನ್ನೊಂದು, ಅದೇ ಮಷೀನಿನಲ್ಲಿ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಕಮಾಂಡು) ಹೊಡೆದಾಗ ಸಾಕೆಟ್ ಫೈಲಿನ (ಒಂದೇ ಮಷೀನಿನೊಳಗೆ ಸರ್ವರಿಗೆ ಹೋಗುವ ದಾರಿ) ಹೆಸರು ಹೇಳಿ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಅಂತ ಬರುವುದು: ಸರ್ವರ್ ನಿಂತಿದೆ, ಇಲ್ಲವೇ ಬೇರೆ ಪೋರ್ಟಿನಲ್ಲಿ ಓಡುತ್ತಿದೆ.

ಸರ್ವರ್ ನಿಜವಾಗಿ ಓಡುತ್ತಿದೆಯಾ?

"ಸರ್ವಿಸ್ ಆಕ್ಟಿವ್ ಅಂತ ತೋರಿಸ್ತಿದೆ ಸರ್" ಅನ್ನುವ ಉತ್ತರವನ್ನು ನಾನು ನಂಬುವುದಿಲ್ಲ. ಉಬುಂಟು, ಡೆಬಿಯನ್‌ನಲ್ಲಿ ಸಿಸ್ಟಂಸಿಟಿಎಲ್ ಸ್ಟೇಟಸ್ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಂತ ಹೊಡೆದರೆ 'ಆಕ್ಟಿವ್ (ಎಕ್ಸಿಟೆಡ್)' ಅಂತ ಬರುತ್ತದೆ, ಹಸಿರು ಬಣ್ಣದಲ್ಲಿ. ಅದು ಬರೀ ಹೊದಿಕೆ ಸರ್ವಿಸು. ಒಳಗೆ ಅಸಲಿ ಸರ್ವರ್ ಸತ್ತಿದ್ದರೂ ಅದು ಹಸಿರಾಗಿಯೇ ಇರಬಹುದು. ನಿಜವಾದ ಸರ್ವಿಸಿಗೆ ವರ್ಷನ್ ಮತ್ತು ಕ್ಲಸ್ಟರ್ (ಒಂದು ಸರ್ವರ್, ಅದರ ಡೇಟಾ ಸೇರಿ) ಹೆಸರು ಸೇರಿರುತ್ತದೆ, ಪೋಸ್ಟ್‌ಗ್ರೆಸ್‌ಕ್ಯೂಎಲ್@16-ಮೇನ್ ಥರ.

ಅದಕ್ಕಿಂತ ಸುಲಭ, ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್ ಅಂತ ಹೊಡೆಯಿರಿ. ವರ್ಷನ್, ಪೋರ್ಟ್, ಆನ್‌ಲೈನ್ ಇದೆಯೋ ಡೌನ್ ಆಗಿದೆಯೋ, ಡೇಟಾ ಎಲ್ಲಿದೆ, ಲಾಗ್ ಫೈಲು ಎಲ್ಲಿದೆ, ಎಲ್ಲಾ ಒಂದೇ ಸಾಲಿನಲ್ಲಿ. ಚಾಟ್‌ಗೆ ಬರುವಾಗ ಬೇರೇನೂ ತರದಿದ್ದರೂ ಇದರ ಔಟ್‌ಪುಟ್ ತನ್ನಿ.

ಅಲ್ಲಿ ಎರಡು ಸಾಲು ಕಂಡರೆ ನಿಧಾನಿಸಿ. ಉಬುಂಟು 22.04ರ ಜೊತೆ ಬರುವುದು ಪೋಸ್ಟ್‌ಗ್ರೆಸ್ 14, 24.04ರ ಜೊತೆ 16. ಓಎಸ್ ಅಪ್‌ಗ್ರೇಡ್ ಮಾಡಿದವರ ಮಷೀನಿನಲ್ಲಿ ಹಳೇ 14 ಇನ್ನೂ ಮಾಮೂಲಿ ಪೋರ್ಟ್ ಆದ 5432ರಲ್ಲಿ ಕೂತಿರುತ್ತದೆ, ಹೊಸ 16 ಜಾಗ ಸಿಗದೆ 5433ಕ್ಕೆ ಹೋಗಿರುತ್ತದೆ. ನೀವು ಯಾವುದೋ ಟ್ಯುಟೋರಿಯಲ್ ನೋಡಿ 16ರ ಫೋಲ್ಡರಿನ ಕಾನ್ಫಿಗ್ ತಿದ್ದುತ್ತೀರಿ, ರೀಸ್ಟಾರ್ಟ್ ಮಾಡುತ್ತೀರಿ, ಆಪ್ ಮಾತ್ರ 14ರ ಜೊತೆ ಮಾತಾಡುತ್ತಿರುತ್ತದೆ. ಎಷ್ಟು ತಿದ್ದಿದರೂ ಏನೂ ಬದಲಾಗುವುದಿಲ್ಲ. ಪಿಎಸ್‌ಕ್ಯೂಎಲ್ ಒಳಗೆ ಹೋಗಲು ಸಾಧ್ಯವಾದರೆ ಶೋ ಎಚ್‌ಬಿಎ_ಫೈಲ್, ಶೋ ಕಾನ್ಫಿಗ್_ಫೈಲ್ ಅಂತ ಕೇಳಿ. ಓಡುತ್ತಿರುವ ಸರ್ವರ್ ತಾನು ಯಾವ ಫೈಲು ಓದುತ್ತಿದ್ದೇನೆ ಅಂತ ತಾನೇ ಹೇಳುತ್ತದೆ. ಊಹೆ ಮಾಡಬೇಡಿ.

ಪಾಸ್‌ವರ್ಡ್ ಸರಿ ಇದ್ದರೂ ಫೇಲ್

ಚಾಟ್‌ನಲ್ಲಿ ಅತಿ ಜಾಸ್ತಿ ಹೊತ್ತು ತಿನ್ನುವ ತೊಂದರೆ ಇದು. ಸಂಭಾಷಣೆ ಹೆಚ್ಚೂಕಮ್ಮಿ ಹೀಗೆ ಹೋಗುತ್ತದೆ:

"ಬ್ರೋ, ಪಾಸ್‌ವರ್ಡ್ ಅಥೆಂಟಿಕೇಶನ್ ಫೇಲ್ಡ್ ಅಂತ ಬರ್ತಿದೆ. ಪಾಸ್‌ವರ್ಡ್ ಕರೆಕ್ಟಾಗೇ ಇದೆ, ಹಳೇ ಸರ್ವರ್‌ನಲ್ಲಿ ಕೆಲಸ ಮಾಡ್ತಿತ್ತು."

"ಸರ್ವರ್ ಲಾಗ್‌ನಲ್ಲಿ ಏನಿದೆ?"

"ಅದೇ ಎರರ್ ಬ್ರೋ."

"ಅದರ ಕೆಳಗಿನ ಸಾಲು? 'ಡೀಟೇಲ್' ಅಂತ ಶುರು ಆಗುತ್ತಲ್ಲ, ಅದನ್ನ ಹಾಕಿ."

"ಓ... ಯೂಸರ್ ಆಪ್ ಡಸ್ ನಾಟ್ ಹ್ಯಾವ್ ಎ ವ್ಯಾಲಿಡ್ ಸ್ಕ್ರ್ಯಾಮ್ ಸೀಕ್ರೆಟ್."

ಇಲ್ಲಿಗೆ ಉತ್ತರ ಬಂದಾಯಿತು. ಆಪ್‌ಗೆ ಕಾಣುವ ಎರರ್‌ನಲ್ಲಿ ಪೋಸ್ಟ್‌ಗ್ರೆಸ್ ಬೇಕಂತಲೇ ಕಾರಣ ಹೇಳುವುದಿಲ್ಲ. ಹೊರಗಿನವರಿಗೆ ಈ ಹೆಸರಿನ ಯೂಸರ್ ಇದ್ದಾನೋ ಇಲ್ಲವೋ ಅನ್ನುವುದೂ ತಿಳಿಯಬಾರದು. ಕಾರಣ ಬರೆಯುವುದು ಸರ್ವರ್ ಲಾಗಿನಲ್ಲಿ: ರೋಲೇ (ಅಂದರೆ ಯೂಸರೇ) ಇಲ್ಲವಾ, ಪಾಸ್‌ವರ್ಡ್ ತಪ್ಪಾ, ಎಚ್‌ಬಿಎ ಫೈಲಿನ ಎಷ್ಟನೇ ಸಾಲಿಗೆ ಈ ಕನೆಕ್ಷನ್ ಮ್ಯಾಚ್ ಆಯಿತು, ಎಲ್ಲಾ ಅಲ್ಲಿರುತ್ತದೆ. ಉಬುಂಟುವಿನಲ್ಲಿ ಲಾಗು /ವಾರ್/ಲಾಗ್/ಪೋಸ್ಟ್‌ಗ್ರೆಸ್‌ಕ್ಯೂಎಲ್ ಫೋಲ್ಡರಿನಲ್ಲಿದೆ. ಡಾಕರ್ (ಆಪುಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಸಾಧನ) ಆದರೆ ಡಾಕರ್ ಲಾಗ್ಸ್ ಅಂತ ಹೊಡೆಯಿರಿ.

ಈ ಕೇಸಿನಲ್ಲಿ ಆದದ್ದು ಇಷ್ಟು. ಹಳೇ ಸರ್ವರಿನಲ್ಲಿ ಪಾಸ್‌ವರ್ಡುಗಳು ಎಂಡಿ5 ಹ್ಯಾಶ್ (ಗುರುತು ಸಿಗದಂತೆ ಬದಲಿಸಿದ ರೂಪ) ಆಗಿ ಉಳಿದಿದ್ದವು. 2017ರ ವರ್ಷನ್ 10ರಲ್ಲಿ ಸ್ಕ್ರ್ಯಾಮ್-ಷಾ-256 ಅನ್ನುವ ಹೊಸ ರೂಪ ಬಂತು, 2021ರ ವರ್ಷನ್ 14ರಿಂದ ಅದೇ ಡೀಫಾಲ್ಟ್ ಆಯಿತು. ಪಿಜಿ_ಡಂಪಾಲ್ (ಇಡೀ ಸರ್ವರಿನ ನಕಲು ತೆಗೆಯುವ ಕಮಾಂಡು) ಮಾಡಿ ಯೂಸರುಗಳನ್ನು ಹೊಸ ಸರ್ವರಿಗೆ ತಂದಾಗ ಹಳೇ ಹ್ಯಾಶ್ ಹಾಗೇ ಬಂದಿದೆ, ಹೊಸ ಎಚ್‌ಬಿಎ ಫೈಲು ಸ್ಕ್ರ್ಯಾಮ್ ಕೇಳುತ್ತಿದೆ. ಪಾಸ್‌ವರ್ಡ್ ಸರಿಯೇ, ಇಟ್ಟಿರುವ ರೂಪ ಬೇರೆ. ಪಿಎಸ್‌ಕ್ಯೂಎಲ್ ಒಳಗೆ ಬ್ಯಾಕ್‌ಸ್ಲ್ಯಾಶ್ ಪಾಸ್‌ವರ್ಡ್ ಅಂತ ಹೊಡೆದು, ಯೂಸರ್ ಹೆಸರು ಕೊಟ್ಟು, ಅದೇ ಹಳೇ ಪಾಸ್‌ವರ್ಡನ್ನೇ ಮತ್ತೆ ಟೈಪ್ ಮಾಡಿದರೂ ಸಾಕು, ಹೊಸ ರೂಪದಲ್ಲಿ ಉಳಿಯುತ್ತದೆ. ಪಾಸ್‌ವರ್ಡ್ ಬದಲಿಸುವ ಇನ್ನೊಂದು ಕಮಾಂಡಾದ ಆಲ್ಟರ್ ರೋಲ್ ಬದಲು ಇದನ್ನೇ ಬಳಸಿ. ಆಲ್ಟರ್ ರೋಲ್‌ನಲ್ಲಿ ಬರೆದ ಪಾಸ್‌ವರ್ಡು ಕಮಾಂಡ್ ಹಿಸ್ಟರಿಯಲ್ಲೋ ಲಾಗಿನಲ್ಲೋ ಬಿಚ್ಚಿಟ್ಟಂತೆ ಉಳಿದುಬಿಡಬಹುದು.

ಇದರ ಅಣ್ಣತಮ್ಮ ಒಂದಿದೆ: 'ಅಥೆಂಟಿಕೇಶನ್ ಮೆಥಡ್ 10 ನಾಟ್ ಸಪೋರ್ಟೆಡ್'. ಅದು ಸರ್ವರ್ ತಪ್ಪಲ್ಲ. ನಿಮ್ಮ ಆಪ್‌ನ ಡ್ರೈವರ್ ಹಳೆಯದು, ಅದಕ್ಕೆ ಸ್ಕ್ರ್ಯಾಮ್ ಗೊತ್ತಿಲ್ಲ. ಡ್ರೈವರ್ ಅಪ್‌ಡೇಟ್ ಮಾಡಿ.

'ಪಿಯರ್ ಅಥೆಂಟಿಕೇಶನ್ ಫೇಲ್ಡ್' ಬಂದರೆ ಪಾಸ್‌ವರ್ಡ್ ಮಾತೇ ಇಲ್ಲ. ಸಾಕೆಟ್ ಮೂಲಕ ಬಂದಾಗ ಲಿನಕ್ಸ್ ಯೂಸರ್ ಹೆಸರು, ಡೇಟಾಬೇಸ್ ಯೂಸರ್ ಹೆಸರು ಒಂದೇ ಇದೆಯಾ ಅಂತ ಮಾತ್ರ ನೋಡುತ್ತದೆ. ಸುಡೊ ಹಾಕಿ ಪೋಸ್ಟ್‌ಗ್ರೆಸ್ ಯೂಸರ್ ಆಗಿ ಹೋಗಿ, ಇಲ್ಲವೇ ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ (ಅಂದರೆ ಇದೇ ಮಷೀನು) ಕೊಡಿ. ಆಗ ಪಾಸ್‌ವರ್ಡ್ ಕೇಳುತ್ತದೆ.

ಪಿಜಿ_ಎಚ್‌ಬಿಎ: ಮೊದಲು ಹೊಂದಿದ ಸಾಲೇ ಕೊನೆ ಮಾತು

'ನೋ ಪಿಜಿ_ಎಚ್‌ಬಿಎ ಎಂಟ್ರಿ' ಅಂತ ಬಂದರೆ ಆ ಎರರ್ ಸಾಲಿನಲ್ಲೇ ಐಪಿ, ಯೂಸರ್, ಡೇಟಾಬೇಸ್ ಮೂರೂ ಇರುತ್ತವೆ. ಸರ್ವರಿಗೆ ನೀವು ಯಾವ ಐಪಿಯಿಂದ ಬಂದ ಹಾಗೆ ಕಾಣುತ್ತಿದೆ ಅನ್ನುವುದು ಅದು. ನಿಮ್ಮ ಲ್ಯಾಪ್‌ಟಾಪಿನ ಐಪಿ ಅಂದುಕೊಂಡಿದ್ದು ಬೇರೆ, ಅಲ್ಲಿ ಕಾಣುವುದು ಬೇರೆ ಆಗಿರಬಹುದು, ಮಧ್ಯೆ ರೂಟರ್ ಇದ್ದರೆ, ಡಾಕರ್ ಇದ್ದರೆ, ವಿಪಿಎನ್ ಇದ್ದರೆ. ಎರರ್‌ನಲ್ಲಿ ಕಂಡದ್ದನ್ನೇ ನಂಬಿ, ಅದಕ್ಕೇ ಸಾಲು ಬರೆಯಿರಿ.

ಸಾಲು ಎಲ್ಲಿ ಬರೆಯುತ್ತೀರಿ ಅನ್ನುವುದೂ ಮುಖ್ಯ. ಮೇಲಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ ಸಾಲಿಗೆ ನಿಲ್ಲುತ್ತದೆ. ಆ ಸಾಲಿನಲ್ಲಿ ಫೇಲ್ ಆದರೆ ಮುಂದಿನದನ್ನು ನೋಡುವುದಿಲ್ಲ. ಮೇಲೆ ಎಲ್ಲೋ 192.168.1.0/24ಕ್ಕೆ (192.168.1 ಅಂತ ಶುರುವಾಗುವ ಎಲ್ಲಾ ಐಪಿಗಳಿಗೆ) ಐಡೆಂಟ್ ಅನ್ನುವ ಬೇರೆ ವಿಧಾನ ಇದ್ದು, ನೀವು ಕೊನೆಯಲ್ಲಿ 192.168.1.35ಕ್ಕೆ ಸ್ಕ್ರ್ಯಾಮ್ ಅಂತ ಸೇರಿಸಿದರೆ ನಿಮ್ಮ ಸಾಲಿಗೆ ಸರದಿಯೇ ಬರುವುದಿಲ್ಲ. 'ಐಡೆಂಟ್ ಅಥೆಂಟಿಕೇಶನ್ ಫೇಲ್ಡ್' ಅಂತಲೇ ಬರುತ್ತಿರುತ್ತದೆ. ವರ್ಷನ್ 10ರಿಂದ ಪಿಜಿ_ಎಚ್‌ಬಿಎ_ಫೈಲ್_ರೂಲ್ಸ್ ಅನ್ನುವ ವ್ಯೂ ಇದೆ, ಅದರಿಂದ ಸೆಲೆಕ್ಟ್ ಮಾಡಿದರೆ ಫೈಲಿನ ಸಾಲುಗಳು ಮತ್ತು ಬರೆಯುವಾಗಿನ ತಪ್ಪುಗಳು ಎರಡೂ ಕಾಣುತ್ತವೆ.

ತಿದ್ದಿದ್ದೇನೆ, ಆದರೂ ಬದಲಾಗಿಲ್ಲ

ಸರ್ವರ್ ಯಾವ ಅಡ್ರೆಸ್ಸಿನಲ್ಲಿ ಕೇಳಿಸಿಕೊಳ್ಳಬೇಕು ಅಂತ ಹೇಳುವ ಲಿಸನ್_ಅಡ್ರೆಸಸ್ ಡೀಫಾಲ್ಟಾಗಿ ಲೋಕಲ್‌ಹೋಸ್ಟ್ ಮಾತ್ರ. ಹೊರಗಿನಿಂದ ಬಂದರೆ ರಿಫ್ಯೂಸ್ಡ್ ಬರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಜನ ಫೈಲು ತೆರೆದು ವ್ಯಾಲ್ಯೂ ಬದಲಾಯಿಸುತ್ತಾರೆ, ಸಾಲಿನ ಮುಂದಿರುವ # ತೆಗೆಯುವುದಿಲ್ಲ. ಅದು ಕಾಮೆಂಟ್ ಆಗಿಯೇ ಉಳಿಯುತ್ತದೆ. ಯಾವ ಪೋರ್ಟುಗಳು ತೆರೆದಿವೆ ಅಂತ ತೋರಿಸುವ ಎಸ್‌ಎಸ್ ಕಮಾಂಡಿನಲ್ಲಿ 5432 ಹುಡುಕಿ: 127.0.0.1:5432 ಅಂತ ಇದ್ದರೆ ಹೊರಗಿನವರಿಗೆ ಬಾಗಿಲಿಲ್ಲ, 0.0.0.0:5432 ಅಂತ ಇದ್ದರೆ ಇದೆ.

ಎಚ್‌ಬಿಎ ಫೈಲಿಗೆ ರೀಲೋಡ್ ಸಾಕು. ಲಿಸನ್_ಅಡ್ರೆಸಸ್, ಪೋರ್ಟ್, ಮ್ಯಾಕ್ಸ್_ಕನೆಕ್ಷನ್ಸ್ ಇವಕ್ಕೆ ರೀಸ್ಟಾರ್ಟೇ ಬೇಕು. ಪಿಜಿ_ಸೆಟ್ಟಿಂಗ್ಸ್‌ನಲ್ಲಿ ಪೆಂಡಿಂಗ್_ರೀಸ್ಟಾರ್ಟ್ ಅನ್ನುವ ಕಾಲಂ ಇದೆ, ಯಾವುದು ಕಾಯುತ್ತಿದೆ ಅಂತ ಹೇಳುತ್ತದೆ. ಹಿಂದೆ ಯಾರಾದರೂ ಆಲ್ಟರ್ ಸಿಸ್ಟಂ ಹೊಡೆದು ಸೆಟ್ಟಿಂಗ್ ಬದಲಿಸಿದ್ದರೆ ಅದು ಪೋಸ್ಟ್‌ಗ್ರೆಸ್‌ಕ್ಯೂಎಲ್.ಆಟೋ.ಕಾನ್ಫ್ ಫೈಲಿನಲ್ಲಿ ಕೂತಿರುತ್ತದೆ, ಕೊನೆಯಲ್ಲಿ ಓದುವುದರಿಂದ ನೀವು ಮುಖ್ಯ ಫೈಲಿನಲ್ಲಿ ಬರೆದದ್ದನ್ನು ಮುಚ್ಚಿಹಾಕುತ್ತದೆ. ಟೀಮಿನಲ್ಲಿ ಮೂರು ಜನ ಸರ್ವರಿಗೆ ಕೈ ಹಾಕುವ ಕಡೆ ಇದು ಸಾಮಾನ್ಯ.

ಡಾಕರ್‌ನಲ್ಲಿ ಇದ್ದರೆ

ಎರಡೇ ವಿಷಯ. ಕಂಟೇನರ್ ಒಳಗಿನ ಆಪ್‌ಗೆ ಲೋಕಲ್‌ಹೋಸ್ಟ್ ಅಂದರೆ ಅದೇ ಕಂಟೇನರು, ಪಕ್ಕದ ಪೋಸ್ಟ್‌ಗ್ರೆಸ್ ಅಲ್ಲ. ಕಂಪೋಸ್ ಫೈಲಿನಲ್ಲಿ (ಕಂಟೇನರುಗಳ ವಿವರ ಬರೆದಿರುವ ಫೈಲು) ಕೊಟ್ಟ ಸರ್ವಿಸ್ ಹೆಸರನ್ನೇ ಹೋಸ್ಟ್ ಆಗಿ ಕೊಡಿ. ಹೊರಗೆ 5433ಕ್ಕೆ ಮ್ಯಾಪ್ ಮಾಡಿದ್ದರೂ ಒಳಗಿನ ನೆಟ್‌ವರ್ಕಿನಲ್ಲಿ ಪೋರ್ಟು 5432.

ಇನ್ನೊಂದು ಪೋಸ್ಟ್‌ಗ್ರೆಸ್_ಪಾಸ್‌ವರ್ಡ್ ವೇರಿಯಬಲ್. ಅದನ್ನು ನೋಡುವುದು ಡೇಟಾ ಫೋಲ್ಡರ್ ಖಾಲಿ ಇದ್ದಾಗ, ಮೊದಲ ಸಲ ಏಳುವಾಗ ಮಾತ್ರ. ಆಮೇಲೆ ಕಂಪೋಸ್ ಫೈಲಿನಲ್ಲಿ ಎಷ್ಟು ಸಲ ಬದಲಾಯಿಸಿದರೂ ಒಳಗಿನ ಪಾಸ್‌ವರ್ಡ್ ಹಳೆಯದೇ. ಇದಕ್ಕೆ ಚಾಟ್‌ನಲ್ಲಿ ಯಾರೋ ಒಬ್ಬರು ಥಟ್ ಅಂತ "ಡಾಕರ್ ಕಂಪೋಸ್ ಡೌನ್ ಮೈನಸ್ ವಿ ಹೊಡಿ ಗುರು" ಅನ್ನುತ್ತಾರೆ. ಪಾಸ್‌ವರ್ಡ್ ಸರಿಹೋಗುತ್ತದೆ, ನಿಜ. ವಾಲ್ಯೂಮ್ ಸಮೇತ ಡೇಟಾ ಕೂಡ ಹೋಗುತ್ತದೆ.

ಚಿಲ್ಲರೆ ಅನಿಸಿದರೂ ಆಗಾಗ ಬರುವವು

ಪಾಸ್‌ವರ್ಡಿನಲ್ಲಿ @ ಇದ್ದು ಅದನ್ನು ಕನೆಕ್ಷನ್ ಯುಆರ್‌ಎಲ್‌ನಲ್ಲಿ ಹಾಗೇ ಹಾಕಿದರೆ, ಮೊದಲ @ಗೆ ಪಾಸ್‌ವರ್ಡ್ ಮುಗಿಯಿತು ಅಂದುಕೊಂಡು ಉಳಿದದ್ದನ್ನು ಹೋಸ್ಟ್ ಅಂತ ಓದುತ್ತದೆ. '123@ಲೋಕಲ್‌ಹೋಸ್ಟ್ ಅನ್ನುವ ಹೋಸ್ಟ್ ಸಿಗಲಿಲ್ಲ' ಅನ್ನುವ ಥರ ಎರರ್ ಬರುತ್ತದೆ. @ ಬದಲು %40 ಬರೆಯಿರಿ. ತಮಾಷೆ ಅಂದರೆ ಈ ಎರರನ್ನು ಹಾಗೇ ಗ್ರೂಪಿಗೆ ಹಾಕಿದರೆ ಪಾಸ್‌ವರ್ಡಿನ ಬಾಲವನ್ನೂ ಹಾಕಿದ ಹಾಗೆ.

'ಪರ್ಮಿಶನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್' ಬಂದರೆ ನೀವು ಓದುತ್ತಿರುವ ಟ್ಯುಟೋರಿಯಲ್ ಹಳೆಯದು. 2022ರ ವರ್ಷನ್ 15ರಿಂದ ಪಬ್ಲಿಕ್ ಸ್ಕೀಮಾದಲ್ಲಿ ಎಲ್ಲರೂ ಟೇಬಲ್ ಮಾಡುವ ಹಾಗಿಲ್ಲ. ಆಪ್‌ನ ಯೂಸರನ್ನೇ ಆ ಡೇಟಾಬೇಸಿನ ಓನರ್ ಮಾಡಿ, ಮುಗಿಯಿತು.

'ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ': ಡೀಫಾಲ್ಟ್ ಮಿತಿ 100. ಸಂಖ್ಯೆ ಏರಿಸುವ ಮುಂಚೆ ಪಿಜಿ_ಸ್ಟಾಟ್_ಆಕ್ಟಿವಿಟಿ ನೋಡಿ, ಎಲ್ಲಾ 'ಐಡಲ್' ಅಂತ ಕೂತಿದ್ದರೆ ಆಪ್ ಕನೆಕ್ಷನ್ ಮುಚ್ಚುತ್ತಿಲ್ಲ.

ಕನ್ನಡ ಹೆಸರು ಸೇವ್ ಮಾಡಿದರೆ 'ಲ್ಯಾಟಿನ್1ರಲ್ಲಿ ಸಮಾನ ಅಕ್ಷರವಿಲ್ಲ' ಅನ್ನುವ ಅರ್ಥದ ಎರರ್ ಬಂದರೆ ಡೇಟಾಬೇಸನ್ನೇ ತಪ್ಪು ಎನ್‌ಕೋಡಿಂಗಿನಲ್ಲಿ ಮಾಡಲಾಗಿದೆ. ಮಾಡಿದ ಮೇಲೆ ಬದಲಾಯಿಸಲು ಬರುವುದಿಲ್ಲ. ಟೆಂಪ್ಲೇಟ್0 ಅನ್ನುವ ಖಾಲಿ ಅಚ್ಚು ಇಟ್ಟುಕೊಂಡು ಯುಟಿಎಫ್-8ರಲ್ಲಿ ಹೊಸದು ಮಾಡಿ, ಡಂಪ್ ತೆಗೆದು ಅದಕ್ಕೆ ಹಾಕಬೇಕು.

ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್ ಬಳಸುವವರಿಗೆ ಎರಡು ಮಾತು. ಎರರ್ 2003ರ ಕೊನೆಯಲ್ಲಿ ಬ್ರ್ಯಾಕೆಟ್ಟಿನಲ್ಲಿ 111 ಇದ್ದರೆ ಲಿನಕ್ಸಿನಲ್ಲಿ ರಿಫ್ಯೂಸ್ಡ್, 110 ಇದ್ದರೆ ಟೈಮೌಟ್. 1045 ಅಂದರೆ ಸರ್ವರ್ ಸಿಕ್ಕಿ ಪಾಸ್‌ವರ್ಡ್ ಹಂತದಲ್ಲಿ ಬಿದ್ದಿದೆ. ಅಲ್ಲಿ ಆಪ್@ಲೋಕಲ್‌ಹೋಸ್ಟ್, ಆಪ್@% (ಎಲ್ಲಿಂದಾದರೂ) ಎರಡೂ ಬೇರೆ ಬೇರೆ ಅಕೌಂಟು. ಕನ್ನಡ ಸೇವ್ ಆಗಿ ಎಮೋಜಿ ಮಾತ್ರ ಆಗದಿದ್ದರೆ ಟೇಬಲ್ಲು ಹಳೇ ಮೂರು ಬೈಟಿನ ಯುಟಿಎಫ್8ರಲ್ಲಿದೆ. ನಮ್ಮ ಅಕ್ಷರಗಳು ಮೂರು ಬೈಟಿನವು, ಹಿಡಿಸುತ್ತವೆ. ಎಮೋಜಿಗೆ ನಾಲ್ಕು ಬೇಕು. ಯುಟಿಎಫ್8ಎಂಬಿ4ಗೆ ಬದಲಾಯಿಸಿ.

ಇನ್ನು ಕೇಳುವುದು

ಇಷ್ಟಾದರೂ ಬಗೆಹರಿಯದಿದ್ದರೆ ಬರೆಯಿರಿ. "ಒಂದು ಡೌಟ್ ಕೇಳ್ಬಹುದಾ?" ಅಂತ ಕೇಳಿ ಕಾಯಬೇಡಿ, ನೇರವಾಗಿ ಹಾಕಿ. ಉದಾಹರಣೆಗೆ:

"ಉಬುಂಟು 24.04, ಪೋಸ್ಟ್‌ಗ್ರೆಸ್ 16, ಉಬುಂಟು ಪ್ಯಾಕೇಜಿನಿಂದ ಹಾಕಿದ್ದು. ಅದೇ ಮಷೀನಿನಿಂದ ಕನೆಕ್ಟ್ ಆಗುತ್ತದೆ, ಆಫೀಸ್ ನೆಟ್‌ವರ್ಕಿನ ಇನ್ನೊಂದು ಮಷೀನಿನಿಂದ ಟೈಮೌಟ್. ಲಿಸನ್_ಅಡ್ರೆಸಸ್ ಬದಲಾಯಿಸಿ ರೀಸ್ಟಾರ್ಟ್ ಮಾಡಿದ್ದೇನೆ, ಎಸ್‌ಎಸ್‌ನಲ್ಲಿ 0.0.0.0:5432 ಕಾಣುತ್ತಿದೆ. ಸರ್ವರ್ ಲಾಗಿನಲ್ಲಿ ಆ ಹೊತ್ತಿಗೆ ಏನೂ ಬಂದಿಲ್ಲ. ಎರರ್, ಎಚ್‌ಬಿಎ ಫೈಲು ಕೆಳಗಿದೆ."

ಈ ಮೆಸೇಜ್ ನೋಡಿದ ಯಾರೇ ಆದರೂ "ಯುಎಫ್‌ಡಬ್ಲ್ಯು ಸ್ಟೇಟಸ್ ನೋಡಿ" (ಉಬುಂಟುವಿನ ಫೈರ್‌ವಾಲ್ ಅದು) ಅಂತ ಒಂದೇ ಸಾಲಿನಲ್ಲಿ ಹೇಳುತ್ತಾರೆ. ಲಾಗಿನಲ್ಲಿ ಏನೂ ಬಂದಿಲ್ಲ ಅನ್ನುವುದೂ ಮಾಹಿತಿಯೇ, ಅದನ್ನು ಬಿಡಬೇಡಿ.

ಮಾನಿಟರಿನ ಫೋಟೋ ಬೇಡ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೋದಲ್ಲಿ ಬೇಕಾದ ಸಾಲು ಯಾವಾಗಲೂ ಅಂಚಿನಾಚೆ ಇರುತ್ತದೆ. ಟೆಕ್ಸ್ಟ್ ಹಾಕಿ, ಕೋಡ್ ಬ್ಲಾಕ್ ಒಳಗೆ. ಟೆಲಿಗ್ರಾಂನಲ್ಲಿ ಹಾಗೇ ಟೈಪ್ ಮಾಡಿದರೆ ಎರಡು ಹೈಫನ್ ಸೇರಿ ಒಂದು ಉದ್ದ ಗೆರೆಯಾಗುತ್ತದೆ, ಕೆಲವು ಕೀಬೋರ್ಡುಗಳು ನೇರ ಕೋಟ್ಸನ್ನು ಬಾಗಿದ ಕೋಟ್ಸ್ ಮಾಡುತ್ತವೆ. ಅದನ್ನು ಇನ್ನೊಬ್ಬರು ಕಾಪಿ ಮಾಡಿ ಕಾನ್ಫಿಗ್ ಫೈಲಿಗೆ ಹಾಕಿದರೆ 'ಸಿಂಟ್ಯಾಕ್ಸ್ ಎರರ್' ಬಂದು ಸರ್ವರ್ ಏಳುವುದೇ ಇಲ್ಲ, ಕಣ್ಣಿಗೆ ಮಾತ್ರ ಎಲ್ಲಾ ಸರಿಯಾಗೇ ಕಾಣುತ್ತಿರುತ್ತದೆ. ಪಾಸ್‌ವರ್ಡ್ ಮುಚ್ಚಿ, ಪಬ್ಲಿಕ್ ಐಪಿಯ ಕೊನೆಯ ಭಾಗ ಮುಚ್ಚಿ. ಯೂಸರ್, ಡೇಟಾಬೇಸ್ ಹೆಸರು, ಪೋರ್ಟ್ ಎಲ್ಲಾ ಎಕ್ಸ್ ಎಕ್ಸ್ ಮಾಡಿದರೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ.

ಐಆರ್‌ಸಿ ಅನ್ನುವ ಹಳೇ ಚಾಟ್ ವ್ಯವಸ್ಥೆಯಲ್ಲಿ ಪೋಸ್ಟ್‌ಗ್ರೆಸ್ ಚಾನೆಲ್ ಈಗ ಲಿಬೆರಾ ಚಾಟ್ ಅನ್ನುವ ನೆಟ್‌ವರ್ಕಿನಲ್ಲಿದೆ. ಹಳೇ ಬರಹಗಳು ಫ್ರೀನೋಡ್ ಅನ್ನುತ್ತವೆ, 2021ರ ಮೇ ತಿಂಗಳ ಜಗಳದ ನಂತರ ಜನ ಅಲ್ಲಿಂದ ಎದ್ದು ಬಂದರು. ಅಲ್ಲಿ ನೀವು ಡಿಸ್ಕನೆಕ್ಟ್ ಆದರೆ ಆಮೇಲೆ ಬಂದ ಉತ್ತರ ನಿಮಗೆ ಕಾಣುವುದಿಲ್ಲ, ಆದ್ದರಿಂದ ಕೇಳಿ ವಿಂಡೋ ಮುಚ್ಚಬೇಡಿ. ನಮ್ಮ ಸಂಜೆ ಯುರೋಪಿಗೆ ಮಧ್ಯಾಹ್ನ, ಅಮೆರಿಕಕ್ಕೆ ಬೆಳಗ್ಗೆ. ಆ ಹೊತ್ತಿನಲ್ಲಿ ಕೇಳಿದರೆ ಬೇಗ ಉತ್ತರ ಸಿಗುತ್ತದೆ.

ಯಾವ ಸಲಹೆ ಬೇಡ

ಎಚ್‌ಬಿಎ ಫೈಲಿನಲ್ಲಿ ಎಲ್ಲಾ ಕಡೆ 'ಟ್ರಸ್ಟ್' ಹಾಕಿ ಅನ್ನುವವರು ಪ್ರತಿ ಗ್ರೂಪಿನಲ್ಲೂ ಒಬ್ಬರಿರುತ್ತಾರೆ. ಕೆಲಸ ಮಾಡುತ್ತದೆ, ಅದೇ ಅಪಾಯ: ಪಾಸ್‌ವರ್ಡೇ ಬೇಡ ಅಂತ ಅರ್ಥ. ಜೊತೆಗೆ 0.0.0.0/0 (ಯಾವ ಐಪಿಯಾದರೂ ಸರಿ) ಸೇರಿದರೆ ಊರಿಗೆಲ್ಲಾ ತೆರೆದಿಟ್ಟ ಹಾಗೆ. 2017ರ ಆರಂಭದಲ್ಲಿ ಪಾಸ್‌ವರ್ಡಿಲ್ಲದೆ ಇಂಟರ್ನೆಟ್ಟಿಗೆ ತೆರೆದಿದ್ದ ಸಾವಿರಾರು ಮೊಂಗೊಡಿಬಿ ಡೇಟಾಬೇಸುಗಳ ಡೇಟಾ ಅಳಿಸಿ ದುಡ್ಡು ಕೇಳುವ ಚೀಟಿ ಬಿಟ್ಟುಹೋಗಿದ್ದರು.

ಡಿಸ್ಕ್ ತುಂಬಿ ಸರ್ವರ್ ನಿಂತಾಗ "ಪಿಜಿ_ವಾಲ್ ಫೋಲ್ಡರ್ ಡಿಲೀಟ್ ಮಾಡಿ, ಬರೀ ಲಾಗ್ ಅದು" ಅನ್ನುವ ಮಾತು ಬಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಡೇಟಾದ ಬದಲಾವಣೆಗಳನ್ನು ಮೊದಲು ಬರೆದಿಡುವ ಜಾಗ ಅದು. ವರ್ಷನ್ 10ಕ್ಕೆ ಮುಂಚೆ ಅದರ ಹೆಸರು ಪಿಜಿ_ಎಕ್ಸ್‌ಲಾಗ್ ಅಂತಿತ್ತು. ಹೆಸರಿನಲ್ಲಿ ಲಾಗ್ ನೋಡಿ ಜನ ಅಳಿಸುತ್ತಿದ್ದರು, ಡೇಟಾಬೇಸ್ ಹಾಳಾಗುತ್ತಿತ್ತು, ಹೆಸರು ಬದಲಾಯಿಸಲು ಅದೂ ಕಾರಣ. ಜಾಗ ಬೇಕಾದರೆ ಅದೇ ಡಿಸ್ಕಿನಲ್ಲಿರುವ, ಪೋಸ್ಟ್‌ಗ್ರೆಸ್‌ಗೆ ಸಂಬಂಧವಿಲ್ಲದ ಬೇರೆ ಏನನ್ನಾದರೂ ತೆಗೆಯಿರಿ, ಇಲ್ಲವೇ ಡಿಸ್ಕ್ ದೊಡ್ಡದು ಮಾಡಿ. ಪಿಜಿ_ರೀಸೆಟ್‌ವಾಲ್ (ಆ ಫೋಲ್ಡರನ್ನು ಬಲವಂತವಾಗಿ ಖಾಲಿ ಮಾಡುವ ಕಮಾಂಡು) ಅಂತ ಯಾರಾದರೂ ಹೇಳಿದರೂ ಅಷ್ಟೇ, ಅದು ಏನನ್ನೂ ರಿಪೇರಿ ಮಾಡುವುದಿಲ್ಲ. ಅಂಥ ಯಾವುದಕ್ಕೇ ಕೈ ಹಾಕುವ ಮುಂಚೆ ಸರ್ವರ್ ನಿಲ್ಲಿಸಿ, ಡೇಟಾ ಡೈರೆಕ್ಟರಿಯನ್ನು ಇಡಿಯಾಗಿ, ಟೇಬಲ್‌ಸ್ಪೇಸ್ (ಡೇಟಾದ ಒಂದು ಭಾಗ ಇಡುವ ಜಾಗ) ಬೇರೆ ಕಡೆ ಇದ್ದರೆ ಅದನ್ನೂ ಸೇರಿಸಿ, ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಲಾಗಿನ ಕೊನೆಯ ಐವತ್ತು ಸಾಲು ಹಿಡಿದು ಚಾಟ್‌ಗೆ ಬನ್ನಿ.